ನ್ಯೂಜಿಲೆಂಡ್ ಕರೆಂಟ್: ಮಳೆ ಲೆಕ್ಕ ಬಲ್ಲವರಿಗೆ

ಜುಲೈ ರಜೆಗೆ ನಾಪೋಕ್ಲಿನ ಮನೆಗೆ ಬಂದಿದ್ದೆ. ಗಾಳಿಗೆ ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿದ್ದು ಎರಡು ದಿನದಿಂದ ಕರೆಂಟ್ ಇರಲಿಲ್ಲ. ಅಪ್ಪ ಅಂಗಳದ ಮಳೆಮಾಪಕ ನೋಡಿ ಬಂದು, ಟಾರ್ಚ್ ಬೆಳಕಲ್ಲಿ ಪುಸ್ತಕಕ್ಕೆ ಬರೆದರು: 4.20 ಇಂಚು. ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ಗೆ ಹೊರಟಿದ್ದ ಅಕ್ಕನ ಮಗ ಕೇಳಿದ, "ಮಾವ, ಅಲ್ಲಿ ಕರೆಂಟ್ ಯಾವುದರಿಂದ ಮಾಡ್ತಾರೆ?" ಅಪ್ಪನ ಪುಸ್ತಕ ತೋರಿಸಿ "ಇದರಿಂದಲೇ" ಅಂದೆ.

ನಿಜ. ಅಲ್ಲಿನ ವಿದ್ಯುತ್ತಿನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ನೀರು, ಭೂಮಿಯೊಳಗಿನ ಬಿಸಿ ಮತ್ತು ಗಾಳಿಯಿಂದ ಬರುತ್ತದೆ. ಅರ್ಧಕ್ಕಿಂತ ಹೆಚ್ಚು ಪಾಲು ನೀರಿನದ್ದೇ. ನಮ್ಮ ಕೈಗಾದಂಥ ಅಣುಸ್ಥಾವರ ಒಂದೂ ಇಲ್ಲ. ಉತ್ತರ ದ್ವೀಪದ ವೈರಾಕೆಯಲ್ಲಿ 1958ರಿಂದಲೂ ನೆಲದ ಬಿಸಿ ಆವಿಯಿಂದ ಟರ್ಬೈನ್ ತಿರುಗುತ್ತಿದೆ. ಕರೆಂಟ್‌ಗೆ ನೀರು ಕೂಡಿಡುವ ಕೆರೆಗಳು ಹೆಚ್ಚಾಗಿ ದಕ್ಷಿಣ ದ್ವೀಪದಲ್ಲಿ, ಜನ ಹೆಚ್ಚು ಉತ್ತರದಲ್ಲಿ. ಹಾಗಾಗಿ 1965ರಲ್ಲೇ ಸಮುದ್ರದಡಿ ಕೇಬಲ್ ಎಳೆದು ಎರಡೂ ದ್ವೀಪಗಳನ್ನು ಜೋಡಿಸಿದರು.

ನಮ್ಮವರು ಗಮನಿಸಬೇಕಾದ್ದು ಒಂದಿದೆ. ಜೂನ್-ಜುಲೈನಲ್ಲಿ ಇಲ್ಲಿ ಹಾರಂಗಿ ಜಲಾಶಯ ತುಂಬುತ್ತದೆ. ಅಲ್ಲಿ ಅದೇ ತಿಂಗಳು ಕಡುಚಳಿ. ಬೆಟ್ಟದ ಮೇಲೆ ಬಿದ್ದದ್ದು ಹಿಮವಾಗಿ ಅಲ್ಲೇ ಕೂರುತ್ತದೆ, ಕೆರೆಗೆ ಇಳಿಯುವುದಿಲ್ಲ. ಮನೆಮನೆಯಲ್ಲಿ ಹೀಟರ್ ಉರಿಯುವ ಹೊತ್ತಿಗೇ ಪುಕಾಕಿ, ಟೆಕಾಪೊ ಕೆರೆಗಳಿಗೆ ನೀರು ಕಡಿಮೆ! ಕೂಡಿಟ್ಟ ನೀರು ಕೆಲವೇ ವಾರಗಳಿಗೆ ಸಾಕು. ಮಳೆ ಕೈಕೊಟ್ಟ ವರ್ಷ ಹಂಟ್ಲಿಯ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು, ಗ್ಯಾಸ್ ಉರಿಸಬೇಕಾಗುತ್ತದೆ. 2024ರ ಆಗಸ್ಟ್‌ನಲ್ಲಿ ಕೆರೆಗಳೂ ಇಳಿದಿದ್ದವು, ಗ್ಯಾಸೂ ಸಾಲಲಿಲ್ಲ. ಮಾರುವ ಕಂಪನಿಗಳು ಕರೆಂಟ್ ಕೊಳ್ಳುವ ಸಗಟು ಬೆಲೆ ಯೂನಿಟ್‌ಗೆ 80 ಸೆಂಟ್ ದಾಟಿತು.

ಅದಕ್ಕೇ ಹೇಳುವುದು, ಸಗಟು ಬೆಲೆ ನೇರ ಬಿಲ್‌ಗೆ ಬರುವ ಪ್ಲಾನ್ ಹೊಸಬರು ತಗೊಳ್ಳಬೇಡಿ. ಬೇಸಿಗೆಯಲ್ಲಿ ಅಗ್ಗ ಅನ್ನಿಸಿದರೂ ಬೇಡ. ದರ ನಿಗದಿಯಾದ ಪ್ಲಾನ್ ಇರಲಿ. ಅವಧಿಗೆ ಮೊದಲೇ ಬಿಟ್ಟರೆ ದಂಡ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ.

ಕೊಡಗಿನಲ್ಲಿ ಎಲ್ಲರಿಗೂ ಕರೆಂಟ್ ಕೊಡುವ ಕಂಪನಿ ಸೆಸ್ಕ್ ಒಂದೇ ಅಲ್ವಾ? ಅಲ್ಲಿ ಹಾಗಲ್ಲ. ತಂತಿ, ಕಂಬ ಊರಿನ ಲೈನ್ಸ್ ಕಂಪನಿಯದ್ದು, ಅದನ್ನು ನೀವು ಬದಲಿಸಲಾಗದು. ಕರೆಂಟ್ ಮಾರುವ ಕಂಪನಿಯನ್ನು ಮಾತ್ರ ನೀವೇ ಆರಿಸಬೇಕು. ಪವರ್‌ಸ್ವಿಚ್ ಎಂಬ ಉಚಿತ ವೆಬ್‌ಸೈಟ್‌ನಲ್ಲಿ ನಿಮ್ಮ ವಿಳಾಸ ಹಾಕಿದರೆ ದರಗಳನ್ನು ಹೋಲಿಸಿ ತೋರಿಸುತ್ತದೆ. ಬಿಲ್‌ನಲ್ಲಿ ದಿನದ ಶುಲ್ಕ ಬೇರೆ, ಯೂನಿಟ್ ದರ ಬೇರೆ. ಬೀಗ ಹಾಕಿ ಊರಿಗೆ ಬಂದರೂ ದಿನದ ಶುಲ್ಕ ಓಡುತ್ತಲೇ ಇರುತ್ತದೆ. ಮನೆಗೊಂದು ಐಸಿಪಿ ನಂಬರ್ ಇರುತ್ತದೆ, ನಮ್ಮ ಆರ್‌ಆರ್ ನಂಬರ್ ಇದ್ದ ಹಾಗೆ. ಕಂಪನಿ ಬದಲಿಸುವಾಗ ಅದು ಕೈಯಲ್ಲಿರಲಿ.

ಅಲ್ಲಿನ ನನ್ನ ಮೊದಲ ಚಳಿಗಾಲ ಮರೆಯಲಾರೆ. ಅಂಗಡಿಯಿಂದ ಸಣ್ಣ ಹೀಟರ್ ತಂದು ರಾತ್ರಿಯಿಡೀ ಉರಿಸಿದೆವು. ಬಿಲ್ ನೋಡಿ ಹೆಂಡತಿ ಮಾತೇ ಆಡಲಿಲ್ಲ. ಹೀಟ್ ಪಂಪ್ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ನಷ್ಟು ಬಿಸಿ ಕೊಡಬಲ್ಲದು, ಹೊರಗಿನ ಗಾಳಿಯ ಶಾಖವನ್ನೇ ಒಳಗೆ ತರುತ್ತದೆ. ಬಾಡಿಗೆ ಮನೆಯ ಹಾಲ್ ಬಿಸಿ ಮಾಡುವಷ್ಟು ಶಕ್ತಿಯ, ಕಾಯಂ ಆಗಿ ಕೂರಿಸಿದ ಹೀಟರ್ ಕೊಡುವುದು ಮಾಲೀಕನ ಹೊಣೆ. 2025ರ ಜುಲೈ 1ರಿಂದ ಎಲ್ಲ ಖಾಸಗಿ ಬಾಡಿಗೆ ಮನೆಗಳಿಗೂ ಈ ನಿಯಮ ಅನ್ವಯ. ಸಂಕೋಚ ಬೇಡ, ಮನೆ ನೋಡಲು ಹೋದಾಗಲೇ ಕೇಳಿ.

ಬಿಸಿನೀರಿನ ಟ್ಯಾಂಕಿಗೆ 'ಕಂಟ್ರೋಲ್ಡ್' ದರ ಇದೆಯೇ ಎಂದೂ ವಿಚಾರಿಸಿ. ಬಳಕೆ ಏರಿದ ಸಂಜೆ ಲೈನ್ಸ್ ಕಂಪನಿ ಅದನ್ನು ಸ್ವಲ್ಪ ಹೊತ್ತು ಆಫ್ ಮಾಡುತ್ತದೆ, ಬದಲಿಗೆ ದರ ಕಡಿಮೆ. ಸ್ನಾನಕ್ಕೇನೂ ತೊಂದರೆ ಆಗುವುದಿಲ್ಲ, ಟ್ಯಾಂಕಿನ ನೀರು ಬೆಳಗಿನವರೆಗೂ ಬಿಸಿಯಾಗೇ ಇರುತ್ತದೆ.