ಮದ್ದಿಗಿಂತ ಟ್ರಿಮ್ಮರ್ ಮುಖ್ಯ: ಹಾಟ್ ಸ್ಪಾಟ್ ಜೊತೆ ನನ್ನ ಅನುಭವ

ನಮ್ಮ ನಾಯಿ ಬಂಟಿಗೆ 14 ತಿಂಗಳಿಂದ ಒಂದೂ ಹಾಟ್ ಸ್ಪಾಟ್ ಎದ್ದಿಲ್ಲ. ಹಾಟ್ ಸ್ಪಾಟ್ ಅಂದರೆ ನಾಯಿ ನವೆಗೆ ಕೆರೆದು, ನೆಕ್ಕಿ ಬೇಗ ಹರಡುವ ಒದ್ದೆ ಹುಣ್ಣು. ಗೋಲ್ಡನ್ ರಿಟ್ರೀವರ್ ಸಾಕಿದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತು. ಅದಕ್ಕೆ ಹಿಂದಿನ ಎರಡು ವರ್ಷದಲ್ಲಿ ಏಳೋ ಎಂಟೋ ಸಲ ಆಗಿತ್ತು. ಕೊನೆಯ ಮೂರನ್ನು ನಾನು ಮನೆಯಲ್ಲೇ ವಾಸಿ ಮಾಡಿದೆ. ಯಾವುದೂ ಆರು ದಿನ ದಾಟಲಿಲ್ಲ. "ಇದು ಮನೆಯಲ್ಲಿ ಮಾಡೋ ಕೆಲಸ ಅಲ್ಲ, ಸುಮ್ನೆ ಇಂಜೆಕ್ಷನ್ ಹಾಕಿಸು" ಅಂತ ನಮ್ಮಣ್ಣ ಹೇಳುತ್ತಲೇ ಇದ್ದ. ಹೋದ ತಿಂಗಳು ಅವನ ಲ್ಯಾಬ್ರಡಾರ್‌ಗೆ ಬಾಲದ ಬುಡದಲ್ಲಿ ಎದ್ದಾಗ ಫೋನ್ ಮಾಡಿದ್ದು ನನಗೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪುಗಳು. ಮೊದಲನೇ ಸಲ ಬೆಳಿಗ್ಗೆ ಕಿವಿಯ ಕೆಳಗೆ ಬೆರಳ ತುದಿಯಷ್ಟು ಒದ್ದೆ ಕಂಡಿತ್ತು. ಸಂಜೆ ಹೊತ್ತಿಗೆ ಅಂಗೈ ಅಗಲ ಆಗಿತ್ತು. ಮೇಲೆ ಕೂದಲು ಅಂಟಿಕೊಂಡಿತ್ತು, ಒಳಗೆ ಕೀವು, ಕೆಟ್ಟ ವಾಸನೆ. ನಾನು ಕೂದಲು ತೆಗೆಯದೆ ಅದರ ಮೇಲೇ ದಪ್ಪಗೆ ಮುಲಾಮು ಮೆತ್ತಿದೆ. ಒಳಗಿನ ತೇವ ಹೊರಗೆ ಬರಲು ದಾರಿಯೇ ಇಲ್ಲದಂತೆ ಮುಚ್ಚಿಬಿಟ್ಟೆ. ಮೂರು ವಾರ ಎಳೆಯಿತು.

ಎರಡನೇ ಸಲ ಕತ್ತರಿ ಹಿಡಿದೆ. ಗಂಟುಗಟ್ಟಿದ ಕೂದಲು ಎಳೆದಾಗ ಅದರ ಜೊತೆ ಚರ್ಮವೂ ಮೇಲೆದ್ದು ಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಚರ್ಮವನ್ನೇ ಕತ್ತರಿಸಿಬಿಟ್ಟೆ. ಎರಡು ಹೊಲಿಗೆ ಬಿತ್ತು. ಆ ಒಂದು ದಿನದ ಖರ್ಚಿನಲ್ಲಿ ಒಳ್ಳೆಯ ಟ್ರಿಮ್ಮರ್ ಬರುತ್ತಿತ್ತು. ಮುಂದಿನ ವಾರವೇ ಕೊಂಡೆ. ಅದರಲ್ಲೂ ಮೊದಲು ತಂದದ್ದು 40ನೇ ನಂಬರ್ ಬ್ಲೇಡ್. ಅದು ಆಪರೇಷನ್‌ಗೆ ಮುಂಚೆ ಚರ್ಮದ ಮಟ್ಟಕ್ಕೆ ಬೋಳಿಸುವಂಥದ್ದು, ನಮ್ಮಂಥವರ ಕೈಗೆ ಬೇಡ. ಈಗ 10ನೇ ನಂಬರ್ ಬಳಸುತ್ತೇನೆ. ಒಂದೂವರೆ ಮಿಲಿಮೀಟರ್ ಕೂದಲು ಉಳಿಸುತ್ತದೆ, ಸಾಕು. ಎರಡು ನಿಮಿಷಕ್ಕೊಮ್ಮೆ ಬ್ಲೇಡನ್ನು ಒಳಗೈಗೆ ಮುಟ್ಟಿಸಿ ನೋಡಿ. ಬಿಸಿಯಾದ ಬ್ಲೇಡ್ ಹುಣ್ಣಿನ ಮೇಲೆ ಇನ್ನೊಂದು ಸುಟ್ಟ ಗಾಯ ಮಾಡುತ್ತದೆ.

ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹಾಕಿದ್ದೆ. ನೊರೆ ಬಂದದ್ದು ನೋಡಿ ಕೆಲಸ ಮಾಡುತ್ತಿದೆ ಅಂದುಕೊಂಡೆ. ಅದು ಹೊಸದಾಗಿ ಬರುತ್ತಿರುವ ಚರ್ಮವನ್ನೂ ಹಾಳು ಮಾಡುತ್ತದೆ. ಇನ್ನೊಂದು ತಪ್ಪು ಗೊತ್ತಾಗಲು ನನಗೆ ಸುಮಾರು ಒಂದು ವರ್ಷ ಬೇಕಾಯಿತು. ಮೊದಲು ಸಾಬೂನಿನಿಂದ ತೊಳೆದು ಆಮೇಲೆ ಕ್ಲೋರ್‌ಹೆಕ್ಸಿಡಿನ್ ಅನ್ನುವ ಸೋಂಕು ನಿವಾರಕ ಹಚ್ಚುತ್ತಿದ್ದೆ. ಉಳಿದ ಸಾಬೂನು ಕ್ಲೋರ್‌ಹೆಕ್ಸಿಡಿನ್ ಶಕ್ತಿಯನ್ನೇ ಕೊಂದುಹಾಕುತ್ತದೆ. ಅಷ್ಟು ಬಾಟಲಿ ದುಡ್ಡು ನೀರಿಗೆ ಹೋಯಿತು.

ಈಗ ಮಾಡುವುದು ಇಷ್ಟು. ಒದ್ದೆ ಕಂಡ ತಕ್ಷಣ ಮೊದಲು ಕೋನ್ (ನೆಕ್ಕದಂತೆ ಕುತ್ತಿಗೆಗೆ ಹಾಕುವ ಲಾಳಿಕೆಯಂಥ ಪಟ್ಟಿ) ಹಾಕುತ್ತೇನೆ, ಉಳಿದದ್ದೆಲ್ಲ ಆಮೇಲೆ. ಹತ್ತು ನಿಮಿಷ ನೆಕ್ಕಲು ಬಿಟ್ಟರೆ ಇಡೀ ದಿನದ ಕೆಲಸ ಹಾಳು. ಆಮೇಲೆ ಬೋಳಿಸುವುದು. ಹುಣ್ಣಿನ ಅಂಚಿಗೆ ನಿಲ್ಲಿಸಬೇಡಿ, ಸುತ್ತ ಎರಡು ಬೆರಳಷ್ಟು ಒಳ್ಳೆಯ ಚರ್ಮ ಕಾಣುವವರೆಗೂ ಹೋಗಿ. ನೋಡಲು ಗಾಬರಿಯಾಗುತ್ತದೆ. ಗಾಯ ನೀವು ಅಂದುಕೊಂಡದ್ದಕ್ಕಿಂತ ಎರಡು ಪಟ್ಟು ದೊಡ್ಡದಿರುತ್ತದೆ. ನನ್ನ ಪ್ರಕಾರ ಅರ್ಧ ಚಿಕಿತ್ಸೆ ಅಲ್ಲೇ ಮುಗಿಯಿತು.

ನನ್ನ ಕ್ಲೋರ್‌ಹೆಕ್ಸಿಡಿನ್ 2% ದ್ರಾವಣ. ನೊರೆ ಬರುವ ಸ್ಕ್ರಬ್ ಅಲ್ಲ, ಸ್ಪಿರಿಟ್ ಬೆರೆಸಿದ್ದೂ ಅಲ್ಲ. ಒಂದು ಚಮಚಕ್ಕೆ 40 ಚಮಚ ನೀರು ಬೆರೆಸಿ, ಗಾಜ್ ಬಟ್ಟೆಯಲ್ಲಿ ಅದ್ದಿ ಒರೆಸುತ್ತೇನೆ. ಹತ್ತಿ ಬೇಡ, ಎಳೆ ಅಂಟಿಕೊಳ್ಳುತ್ತದೆ. ಕಣ್ಣಿಗೂ ಕಿವಿಯೊಳಗೂ ಇದು ಹೋಗಲೇಬಾರದು. ದಿನಕ್ಕೆ ಎರಡೇ ಸಲ. ಮೊದಲೆಲ್ಲ ಐದಾರು ಸಲ ಒರೆಸಿ ನಾನೇ ಅದನ್ನು ಒದ್ದೆ ಇಡುತ್ತಿದ್ದೆ. ಒರೆಸಿದ ಮೇಲೆ ಒಣ ಗಾಜ್ ಒತ್ತಿ, ಫ್ಯಾನ್ ಗಾಳಿಗೆ 15-20 ನಿಮಿಷ ಕೂರಿಸುತ್ತೇನೆ. ಮೊದಲ ಎರಡು ದಿನ ವೈದ್ಯರು ನವೆ ತಗ್ಗಲು ಬರೆದುಕೊಟ್ಟ ಹೈಡ್ರೊಕಾರ್ಟಿಸೋನ್ ಸ್ಪ್ರೇ ತೆಳ್ಳಗೆ. ಅಷ್ಟೇ. ಎಣ್ಣೆ ಇಲ್ಲ, ಪೌಡರ್ ಇಲ್ಲ, ಬ್ಯಾಂಡೇಜ್ ಇಲ್ಲ. ಬಂಟಿ ಆ 20 ನಿಮಿಷ ಅಲುಗಾಡದೆ ಕೂರುವಂತೆ ಮಾಡಲು ನನ್ನದೊಂದು ಉಪಾಯ ಇದೆ. ಅದು ಅವನಿಗೂ ನನಗೂ ಮಾತ್ರ ಗೊತ್ತಿರಲಿ.

ನಡುವೆ ಕೆಲವು ಪ್ರಯೋಗ ಮಾಡಿದೆ. ಹಾಲು ಸಕ್ಕರೆ ಇಲ್ಲದ ತಣ್ಣನೆ ಕಪ್ಪು ಟೀ ಅದ್ದಿದ ಬಟ್ಟೆಯನ್ನು ಐದು ನಿಮಿಷ ಒತ್ತಿ ನೋಡಿದೆ. ಒಸರುವುದು ಸ್ವಲ್ಪ ಕಡಿಮೆಯಾಯಿತು ಅನಿಸಿತು, ಆದರೆ ತಣ್ಣೀರು ಬಟ್ಟೆಗಿಂತ ಜಾಸ್ತಿ ಏನಲ್ಲ. ಕೋನ್ ಬದಲು ಗಾಳಿ ತುಂಬುವ ಕಾಲರ್ ತಂದೆ, ಬಂಟಿ ಅದನ್ನು ದಾಟಿ ಸೊಂಟ ನೆಕ್ಕಿದ. ದುಡ್ಡು ದಂಡ. ಆದರೆ ಕೆನ್ನೆ, ಕುತ್ತಿಗೆಯ ಹುಣ್ಣಿಗೆ ಹಿಂಗಾಲಿಗೆ ಮಕ್ಕಳ ಕಾಲುಚೀಲ ಹಾಕಿದ್ದು ಅದ್ಭುತವಾಗಿ ಕೆಲಸ ಮಾಡಿತು. ಉಗುರು ತಾಗದಿದ್ದರೆ ಕೆರೆದರೂ ಗಾಯ ಆಗುವುದಿಲ್ಲ ಅಲ್ವಾ. ಟೀ ಟ್ರೀ ಎಣ್ಣೆ ಹಚ್ಚಿ ಅಂತ ಒಬ್ಬರು ಹೇಳಿದ್ದರು. ಅದು ನಾಯಿಗೆ ವಿಷ. ಸತು ಇರುವ ಕ್ರೀಮು, ನಮ್ಮ ನೋವಿನ ಮಾತ್ರೆ ಇವೂ ಬೇಡವೇ ಬೇಡ.

ಇಷ್ಟಾದರೂ ಮತ್ತೆ ಮತ್ತೆ ಬರುತ್ತಿತ್ತು. ನಾನು ಹುಣ್ಣು ಒಣಗಿಸುತ್ತಿದ್ದೆ, ನವೆ ಎಲ್ಲಿಂದ ಅಂತ ನೋಡಿರಲಿಲ್ಲ. ಬಂಟಿಗೆ ಏಳುತ್ತಿದ್ದದ್ದು ಸಾಮಾನ್ಯವಾಗಿ ಬಲಗಿವಿಯ ಕೆಳಗೇ. ಕೊನೆಗೆ ಕಿವಿ ತೋರಿಸಿದಾಗ ಒಳಗೆ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ಸೋಂಕು. ಎರಡು ವಾರ ಡ್ರಾಪ್ಸ್ ಹಾಕಿದ ಮೇಲೆ ಆ ಜಾಗದಲ್ಲಿ ಮತ್ತೆ ಬಂದಿಲ್ಲ. ಸೊಂಟದ ಮೇಲೆ ಎದ್ದದ್ದು ಚಿಗಟದಿಂದ. ಅಲ್ಲಿ ನಾನು ದುಡ್ಡು ಉಳಿಸಲು ಹೋಗಿ ಎರಡನೇ ತಿಂಗಳ ಚಿಗಟದ ಔಷಧಿ ಬಿಟ್ಟೆ. ನಾಯಿ ಮೈಮೇಲೆ ಕಾಣುವ ಚಿಗಟ ಸ್ವಲ್ಪವೇ. ಉಳಿದದ್ದು ಮೊಟ್ಟೆ, ಮರಿ, ಗೂಡಾಗಿ ಹಾಸಿಗೆಯಲ್ಲಿ, ನೆಲದ ಸಂದಿಯಲ್ಲಿ ಇರುತ್ತದೆ. ಗೂಡಿನೊಳಗಿನದು ತಿಂಗಳುಗಟ್ಟಲೆ ಕಾಯುತ್ತದೆ. ಆರೇ ವಾರದಲ್ಲಿ ವಾಪಸ್. ಉಳಿಸಿದ್ದಕ್ಕಿಂತ ನಾಲ್ಕು ಪಟ್ಟು ಹೋಯಿತು. ಸ್ನಾನದ ನಂತರ ಒಳಗೂದಲನ್ನು ಬುಡದವರೆಗೆ ಒಣಗಿಸುವುದನ್ನೂ ಈಗ ತಪ್ಪಿಸುವುದಿಲ್ಲ. ಅರ್ಧ ಗಂಟೆ ಹಿಡಿಯುತ್ತದೆ, ತಣ್ಣನೆ ಗಾಳಿಯಲ್ಲೇ.

ಎಲ್ಲವನ್ನೂ ಮನೆಯಲ್ಲಿ ಮಾಡುತ್ತೇನೆ ಅಂತಲ್ಲ. ಕಣ್ಣಿನ ಹತ್ತಿರ ಇದ್ದರೆ, ಸುತ್ತ ಸಣ್ಣ ಸಣ್ಣ ಕೀವಿನ ಗುಳ್ಳೆ ಎದ್ದರೆ, ಮುಟ್ಟಿದರೆ ಗಟ್ಟಿಯಾಗಿ ದಪ್ಪ ಅನಿಸಿದರೆ, ಊಟ ಬಿಟ್ಟರೆ, ಎರಡು ದಿನದಲ್ಲಿ ಒಣಗದಿದ್ದರೆ ನೇರ ಆಸ್ಪತ್ರೆಗೆ. ಆಳಕ್ಕೆ ಹೋದ ಸೋಂಕಿಗೆ ಮಾತ್ರೆಯೇ ಬೇಕು. ನೋವಿಗೆ ಕಚ್ಚಲು ಬರುವ ನಾಯಿಯನ್ನು ಬೋಳಿಸುವುದೂ ಅಲ್ಲೇ ಆಗಲಿ.

ಅಣ್ಣನಿಗೂ ಇದನ್ನೇ ಹೇಳಿದೆ. ಬಾಲದ ಬುಡ ಅಂದಕೂಡಲೇ ಚಿಗಟ ಹುಡುಕು, ಇಲ್ಲದಿದ್ದರೆ ಗುದದ ಪಕ್ಕದ ಗ್ರಂಥಿ ತೋರಿಸು ಅಂದೆ. ಗ್ರಂಥಿ ತುಂಬಿಕೊಂಡಿತ್ತಂತೆ. ಅಲ್ಲಿ ಅದನ್ನು ಖಾಲಿ ಮಾಡಿಸಿಕೊಂಡು ಬಂದು, ಉಳಿದದ್ದನ್ನು ನಾನು ಹೇಳಿದಂತೆ ಮನೆಯಲ್ಲಿ ಮಾಡಿದ. ನಾಲ್ಕನೇ ದಿನ ಫೋಟೊ ಕಳಿಸಿದ. ಒಣಗಿದ ತೆಳು ಹಕ್ಕಳೆ, ಸುತ್ತ ಗುಲಾಬಿ ಚರ್ಮ, ಒಂದು ಹನಿ ತೇವ ಇಲ್ಲ. ಕೆಳಗೆ "ಆ ಟ್ರಿಮ್ಮರ್ ಬ್ಲೇಡ್ ನಂಬರ್ ಇನ್ನೊಂದು ಸಲ ಹೇಳು" ಅಂತ ಬರೆದಿದ್ದ.