ಅಣುಬಾಂಬ್‌ಗೂ ಎಕ್ಸ್‌ಪೈರಿ ಡೇಟ್ ಇದೆಯಾ? ಇಂಥ ಸುದ್ದಿ ಓದುವ ಕ್ರಮ

ಚೆಂಬೂರಿನಲ್ಲಿ ನನ್ನದೊಂದು ಮೆಡಿಕಲ್ ಅಂಗಡಿ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ ಹತ್ತಿರವೇ ಇರುವುದರಿಂದಲೋ ಏನೋ, ಕೌಂಟರ್ ಮುಂದೆ ಬಾಂಬಿನ ಮಾತಿಗೆ ಬರವಿಲ್ಲ. "ರಷ್ಯಾದ ಬಾಂಬ್‌ಗಳೆಲ್ಲ ಹಳೆಯದಾಗಿ ಸತ್ತು ಹೋಗಿವೆ" ಅಂತ ಒಬ್ಬರು. "ಪ್ಲುಟೋನಿಯಂ ಸಾವಿರಾರು ವರ್ಷ ಇರ್ತದೆ ಮಾರಾಯ್ರೆ" ಅಂತ ಇನ್ನೊಬ್ಬರು. ಇಬ್ಬರದ್ದೂ ಅರ್ಧ ಸರಿ. ಯಾವ ಅರ್ಧ ಅಂತ ತಿಳಿಯಲು ಕೆಲವು ಪ್ರಶ್ನೆ ಕೇಳಿಕೊಂಡರೆ ಸಾಕು.

ಮೊದಲು, ಅದು ಯಾವ ಬಗೆಯ ಬಾಂಬ್ ಅಂತ ನೋಡಿ. ಭಾರದ ಪರಮಾಣುವನ್ನು ಒಡೆದು ಶಕ್ತಿ ತೆಗೆಯುವುದು ಹಳೇ ಬಗೆ. 1945ರಲ್ಲಿ ಹಿರೋಶಿಮಾ ಮೇಲೆ ಬಿದ್ದದ್ದು ಯುರೇನಿಯಂದು, ಸುಮಾರು 15 ಕಿಲೋಟನ್. ನಾಗಸಾಕಿಯದ್ದು ಪ್ಲುಟೋನಿಯಂ, ಸುಮಾರು 21. ಕಿಲೋಟನ್ ಅಂದರೆ ಸಾವಿರ ಟನ್ ಟಿಎನ್‌ಟಿ ಸ್ಫೋಟಕ ಸಿಡಿದಷ್ಟು. ಮುಂಬಯಿಯವರಿಗೆ ಇದರ ಅಂದಾಜು ಸಿಗುವುದು ಸುಲಭ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಸಿಡಿದ ಫೋರ್ಟ್ ಸ್ಟಿಕೀನ್ ಹಡಗಿನಲ್ಲಿ ಇದ್ದದ್ದು ಸುಮಾರು 1,400 ಟನ್ ಸ್ಫೋಟಕ. ಅಷ್ಟಕ್ಕೇ ಸುತ್ತಲಿನ ಕೇರಿಗಳು ಸುಟ್ಟು ಹೋದವು. ಹಿರೋಶಿಮಾದ್ದು ಅದರ ಹತ್ತು ಪಟ್ಟು, ಅದೂ ಒಂದೇ ಬಾಂಬಿನಿಂದ.

ಎರಡನೇ ಬಗೆಯಲ್ಲಿ ಇದೇ ಬಾಂಬ್‌ಗೆ ಟ್ರಿಟಿಯಂ ಅನ್ನುವ ಅನಿಲವನ್ನು ಸ್ವಲ್ಪ ಸೇರಿಸಿ ಬಲ ಹೆಚ್ಚಿಸುತ್ತಾರೆ. ಮೂರನೆಯದು ಹೈಡ್ರೋಜನ್ ಬಾಂಬ್. ಅಲ್ಲಿ ಒಂದು ಅಣುಸ್ಫೋಟ, ಹಗುರ ಪರಮಾಣುಗಳನ್ನು ಬೆಸೆಯುವ ಇನ್ನೊಂದು ದೊಡ್ಡ ಹಂತಕ್ಕೆ ಬೆಂಕಿ ಹಚ್ಚುತ್ತದೆ. ಲೆಕ್ಕ ಕಿಲೋಟನ್ ಬಿಟ್ಟು ಮೆಗಾಟನ್‌ಗೆ, ಅಂದರೆ ಸಾವಿರ ಕಿಲೋಟನ್‌ಗೆ ಹೋಗುತ್ತದೆ. 1954ರಲ್ಲಿ ಬಿಕಿನಿ ದ್ವೀಪದಲ್ಲಿ ಅಮೆರಿಕದವರು ಸುಮಾರು 6 ಮೆಗಾಟನ್ ಅಂದುಕೊಂಡು ಸಿಡಿಸಿದ್ದು 15 ಆಯಿತು. ಸೋವಿಯತ್‌ನವರು 1961ರಲ್ಲಿ 50 ಮೆಗಾಟನ್‌ದನ್ನೇ ಸಿಡಿಸಿದರು.

ನಮ್ಮ 1974ರ ಪೋಖ್ರಾನ್ ಮೊದಲ ಬಗೆಗೆ ಸೇರಿದ್ದು. ಅದರ ಪ್ಲುಟೋನಿಯಂ ಬಂದದ್ದು ಇಲ್ಲೇ ಟ್ರಾಂಬೆಯ ಸೈರಸ್ ರಿಯಾಕ್ಟರ್‌ನಿಂದ. ಮುಂದೆ ನಿಂತು ಮಾಡಿಸಿದ್ದು ನಮ್ಮ ತುಮಕೂರು ಕಡೆಯ ರಾಜಾ ರಾಮಣ್ಣ. 1998ರ ಪರೀಕ್ಷೆಯಲ್ಲಿ ಹೈಡ್ರೋಜನ್ ಬಾಂಬ್ 45 ಕಿಲೋಟನ್ ಕೊಟ್ಟಿತು ಅಂತ ಸರ್ಕಾರಿ ವಿಜ್ಞಾನಿಗಳ ಲೆಕ್ಕ. ಆ ತಂಡದಲ್ಲೇ ಇದ್ದ ಕೆ. ಸಂತಾನಂ 2009ರಲ್ಲಿ, ಅಷ್ಟು ಬರಲಿಲ್ಲ ಅಂದರು. ಹಾಗಾಗಿ ಅಂಕಿ ಕಂಡಾಗ ಹೇಳಿದವರು ಯಾರು ಅಂತಲೂ ನೋಡಿ.

'ಟ್ಯಾಕ್ಟಿಕಲ್' ಅಂದರೆ ಪುಟ್ಟದು ಅಂತ ಭಾವಿಸಬೇಡಿ. ರಣರಂಗದಲ್ಲಿ ಬಳಸಲು ಇಟ್ಟದ್ದು ಅಂತ ಅರ್ಥ; ಅದು ಬಳಕೆಯ ಹೆಸರು, ಬಗೆಯದ್ದಲ್ಲ. ಅಮೆರಿಕದ ಬಿ61-12 ಅನ್ನುವ ಇಂಥ ಬಾಂಬಿನ ಗರಿಷ್ಠ ಬಲ 50 ಕಿಲೋಟನ್ ಅನ್ನುತ್ತಾರೆ. ಹಿರೋಶಿಮಾಕ್ಕಿಂತ ಮೂರು ಪಟ್ಟು ಜಾಸ್ತಿ ಆಯಿತಲ್ವಾ?

ಇನ್ನು ವಯಸ್ಸು. ಮಾತ್ರೆ ಸ್ಟ್ರಿಪ್‌ಗೆ ಒಂದೇ ತಾರೀಕು. ಬಾಂಬ್‌ಗೆ ಹಾಗಲ್ಲ, ಒಳಗಿನ ಒಂದೊಂದು ವಸ್ತುವಿಗೂ ಬೇರೆ ಬೇರೆ ಆಯಸ್ಸು. ಆದ್ದರಿಂದ "ಹಳೆಯದಾಯಿತು" ಅಂದ ಕೂಡಲೇ "ಯಾವ ಭಾಗ?" ಅಂತ ಕೇಳಿ.

ಅರ್ಧಾಯುಷ್ಯದ ಲೆಕ್ಕ ಥೈರಾಯ್ಡ್‌ಗೆ ಅಯೋಡಿನ್-131 ತಗೊಂಡವರಿಗೆ ಗೊತ್ತಿರುತ್ತದೆ. ಎಂಟು ದಿನಕ್ಕೆ ಅರ್ಧ, ಇನ್ನೆಂಟು ದಿನಕ್ಕೆ ಕಾಲು. ಟ್ರಿಟಿಯಂಗೆ ಈ ಅವಧಿ 12.3 ವರ್ಷ. ಅಂದರೆ ಇಪ್ಪತ್ತೈದು ವರ್ಷದಲ್ಲಿ ಉಳಿಯುವುದು ಸುಮಾರು ಕಾಲು ಭಾಗ. ಸಾಲದ್ದಕ್ಕೆ ಅದು ಕ್ಷಯಿಸಿ ಆಗುವ ಹೀಲಿಯಂ-3, ಸ್ಫೋಟವನ್ನು ಮುಂದುವರಿಸುವ ನ್ಯೂಟ್ರಾನ್ ಕಣಗಳನ್ನು ನುಂಗುತ್ತದೆ. ಹಾಗಾಗಿ ಆಗಾಗ ಹೊಸದು ತುಂಬಲೇಬೇಕು. ಶುರುವಿನ ಬಾಂಬ್‌ಗಳ ಪಾಡು ಇನ್ನೂ ಕಷ್ಟ. ಸ್ಫೋಟ ಶುರು ಮಾಡಲು ಅವುಗಳಲ್ಲಿ ಇಟ್ಟಿದ್ದ ಪೊಲೋನಿಯಂ 138 ದಿನಕ್ಕೇ ಅರ್ಧವಾಗುತ್ತಿತ್ತು.

ಪ್ಲುಟೋನಿಯಂ-239 ಅರ್ಧವಾಗಲು 24,100 ವರ್ಷ ಬೇಕು. ಐವತ್ತು ವರ್ಷದಲ್ಲಿ ಕರಗುವುದು ಸಾವಿರಕ್ಕೆ ಒಂದೂವರೆ ಪಾಲಿನಷ್ಟು. ಆದರೆ ಪ್ರತಿ ಕ್ಷಯದಲ್ಲೂ ಲೋಹದೊಳಗೆ ಹೀಲಿಯಂ ಸೇರುತ್ತದೆ, ಪರಮಾಣುಗಳ ಸಾಲು ಕೆಡುತ್ತದೆ. ಇದರಿಂದ ಬಾಂಬ್ ಕೆಲಸಕ್ಕೆ ಬಾರದಂತಾಗುತ್ತದಾ ಅನ್ನುವ ಭಯ ಇತ್ತು. 2006ರ ಸುಮಾರಿಗೆ ಅಮೆರಿಕದ ಜೇಸನ್ ಅನ್ನುವ ವಿಜ್ಞಾನಿಗಳ ಗುಂಪು, ಹೆಚ್ಚಿನವು ನೂರು ವರ್ಷವಾದರೂ ತಾಳುತ್ತವೆ ಅಂತ ಹೇಳಿತು. ಮೊದಲು ಹದಗೆಡುವುದು ಸಾಮಾನ್ಯ ಸಾಮಾನು: ಸ್ಫೋಟಕ, ಪ್ಲಾಸ್ಟಿಕ್, ಅಂಟು, ವೈರು. 1992ರಿಂದ ಪರೀಕ್ಷಾ ಸ್ಫೋಟ ನಿಲ್ಲಿಸಿರುವ ಅಮೆರಿಕದವರು ಪ್ರತಿ ವರ್ಷ ಕೆಲವನ್ನು ಟೆಕ್ಸಾಸ್‌ನ ಪ್ಯಾಂಟೆಕ್ಸ್ ಕಾರ್ಖಾನೆಯಲ್ಲಿ ಬಿಚ್ಚಿ ನೋಡುತ್ತಾರೆ.

ನನಗೆ ಎಲ್ಲಕ್ಕಿಂತ ಮಜಾ ಅನಿಸಿದ್ದು ಫಾಗ್‌ಬ್ಯಾಂಕ್ ಕಥೆ. ಅಮೆರಿಕದ ಡಬ್ಲ್ಯು76 ಅನ್ನುವ, ಜಲಾಂತರ್ಗಾಮಿಯಿಂದ ಹಾರಿಸುವ ಕ್ಷಿಪಣಿಯ ಸಿಡಿತಲೆಯಲ್ಲಿ ಬಳಸುವ ಗುಟ್ಟಿನ ವಸ್ತು ಅದು. ಅದು ಏನು ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಸಿಡಿತಲೆಗಳ ಆಯಸ್ಸು ಹೆಚ್ಚಿಸೋಣ ಅಂತ ಹೊರಟಾಗ ನೋಡಿದರೆ, ಅದನ್ನು ಮಾಡುತ್ತಿದ್ದ ಘಟಕ ಇಲ್ಲ, ಮಾಡಿದವರು ನಿವೃತ್ತರಾಗಿದ್ದಾರೆ, ಬರೆದಿಟ್ಟದ್ದೂ ಅಷ್ಟಕ್ಕಷ್ಟೇ. ಹೇಗೋ ತಯಾರಿಸಿದರು, ಸರಿ ಬರಲಿಲ್ಲ. ಕೊನೆಗೆ ಗೊತ್ತಾಯಿತು: ಹಿಂದೆ ಕಚ್ಚಾ ಮಾಲಿನಲ್ಲಿ ಒಂದು ಕಲಬೆರಕೆ ಇತ್ತು, ಕೆಲಸ ಮಾಡುತ್ತಿದ್ದದ್ದೇ ಅದು. ಈಗಿನವರು ಚೊಕ್ಕಟವಾಗಿ ಶುದ್ಧ ಮಾಡಿ ಅದನ್ನೇ ತೆಗೆದುಬಿಟ್ಟಿದ್ದರು! ಹಿಂದಿನವರಿಗೇ ಅದು ಗೊತ್ತಿರಲಿಲ್ಲ. ಇದರಿಂದ ತಡವಾದದ್ದಕ್ಕೆ ಆದ ಖರ್ಚು 6.9 ಕೋಟಿ ಡಾಲರ್. ಹಾಗಾಗಿ ಯಾವುದೇ ದೇಶದ ಬಾಂಬಿನ ವಯಸ್ಸು ಓದುವಾಗ ಮಾಡಲು ಬಲ್ಲವರು ಇನ್ನೂ ಇದ್ದಾರಾ ಅಂತಲೂ ನೋಡಿ.

"ಆಯಸ್ಸು ಮುಗಿದಿದೆ" ಅಂದರೆ ಸಿಡಿಯುವುದಿಲ್ಲ ಅಂತಲ್ಲ. ಹೇಳಿದಷ್ಟು ಬಲ ಬರುತ್ತದೆ ಅಂತ ಸಹಿ ಹಾಕಲು ತಯಾರಕರು ಒಪ್ಪುವುದಿಲ್ಲ, ಅಷ್ಟೇ. ಟ್ರಿಟಿಯಂ ಮುಗಿದರೆ ಬಾಂಬ್ ಕಲ್ಲಾಯಿತು ಅನ್ನುವವರಿಗೆ ಹೇಳಿ, ಹಿರೋಶಿಮಾದ ಬಾಂಬಿನಲ್ಲಿ ಟ್ರಿಟಿಯಂ ಇರಲೇ ಇಲ್ಲ.

ಇನ್ನೊಂದು, ಕ್ಷಿಪಣಿಯ ವಯಸ್ಸನ್ನು ಬಾಂಬಿನ ಲೆಕ್ಕಕ್ಕೆ ಸೇರಿಸುವುದು ಪತ್ರಿಕೆಗಳ ಅಭ್ಯಾಸ. ಅಮೆರಿಕದ ಮಿನಿಟ್‌ಮನ್-3 ಕ್ಷಿಪಣಿ ನೆಲೆಗೆ ಬಂದದ್ದು 1970ರಲ್ಲಿ. ಅದರ ಇಂಧನ, ಮೋಟಾರು, ತಲೆಯ ಮೇಲಿನ ಬಾಂಬ್, ಎಲ್ಲ ಬೇರೆ ಬೇರೆ ಸಲ ಬದಲಾಗಿವೆ. ಸುದ್ದಿಯಲ್ಲಿ "ಐವತ್ತು ವರ್ಷ ಹಳೆಯದು" ಅಂತಿದ್ದರೆ, ಆ ಐವತ್ತು ಯಾವುದರದ್ದು ಅಂತ ಎರಡನೇ ಪ್ಯಾರಾದಲ್ಲಿ ಹುಡುಕಿ. ಅಲ್ಲೂ ಸಿಗದಿದ್ದರೆ ಮುಂದಿನ ಪುಟಕ್ಕೆ ಹೋಗಿ.