ಹಳೆಯ ಪಿಸಿಎಂಸಿಐಎ ಕಾರ್ಡನ್ನು ಲಿನಕ್ಸ್ ಡ್ರೈವರಿಗೆ ಹೊಂದಿಸಿದ ಬಗೆ

ಬದಿಯಡ್ಕದ ಪರಿಚಯದವರೊಬ್ಬರ ಅಡಿಕೆ ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯ ತೂಕವು ಸೀರಿಯಲ್ ಕೇಬಲಿನ ಮೂಲಕ ಹಳೆಯ ಲ್ಯಾಪ್‌ಟಾಪಿಗೆ ಬರುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಸೀರಿಯಲ್ ಪೋರ್ಟ್ ಇರಲಿಲ್ಲ. ಬದಿಯ ಸ್ಲಾಟಿನಲ್ಲಿ ಕೂರಿಸಿದ 16 ಬಿಟ್‌ನ ಪಿಸಿಎಂಸಿಐಎ ಕಾರ್ಡೇ (ಹಳೆಯ ಲ್ಯಾಪ್‌ಟಾಪುಗಳಿಗೆ ಸೌಲಭ್ಯ ಸೇರಿಸುವ ಚಿಕ್ಕ ಕಾರ್ಡು) ಆ ಕೆಲಸ ಮಾಡುತ್ತಿತ್ತು. ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ ಮೇಲೆ ಕಾರ್ಡು ಸೇರಿದ ಸುದ್ದಿ ಲಿನಕ್ಸಿನ ತಿರುಳಾದ ಕರ್ನಲ್ಲಿನ ಲಾಗಿನಲ್ಲಿ ಬಂತು, ಪೋರ್ಟ್ ಮಾತ್ರ ಬರಲಿಲ್ಲ. ಯುಎಸ್‌ಬಿ ಕನ್ವರ್ಟರ್ ತಂದು ಮುಗಿಸಬಹುದಿತ್ತು. ಆದರೆ ಸರಿಯಿರುವ ಕಾರ್ಡನ್ನು ಮೂಲೆಗೆ ಹಾಕಲು ಅವರಿಗೂ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ.

ಇದೇ ಸ್ಲಾಟಿಗೆ ಹೊಂದುವ 32 ಬಿಟ್‌ನ ಕಾರ್ಡ್‌ಬಸ್ ಕಾರ್ಡುಗಳು ಕರ್ನಲ್ಲಿನ ಕಣ್ಣಿಗೆ ಪಿಸಿಐ ಎಂಬ ಸಾಮಾನ್ಯ ಬಗೆಯ ಸಾಧನಗಳೇ ಆದ್ದರಿಂದ ಅವುಗಳ ಗೊಡವೆ ಕಡಿಮೆ. 16 ಬಿಟ್‌ನ ಕಾರ್ಡು ತನ್ನ ಪರಿಚಯವನ್ನು ಸಿಐಎಸ್ ಎಂಬ ಮಾಹಿತಿ ಸರಣಿಯಲ್ಲಿ ಹೇಳಿಕೊಳ್ಳುತ್ತದೆ: ತಯಾರಕರ ಸಂಖ್ಯೆ, ಕಾರ್ಡಿನ ಸಂಖ್ಯೆ, ಉತ್ಪನ್ನದ ಹೆಸರು, ಕೆಲಸದ ವರ್ಗ. ಸೀರಿಯಲ್ ಕಾರ್ಡುಗಳನ್ನು ನೋಡಿಕೊಳ್ಳುವ ಸೀರಿಯಲ್_ಸಿಎಸ್ ಎಂಬ ಡ್ರೈವರಿನಲ್ಲಿ (ಸಾಧನವನ್ನು ನಡೆಸುವ ಕೋಡಿನಲ್ಲಿ) ಅದು ಒಪ್ಪುವ ಕಾರ್ಡುಗಳ ಗುರುತುಗಳ ಪಟ್ಟಿಯಿದೆ; ಅದರ ಕೊನೆಯಲ್ಲಿ, ಕೆಲಸದ ವರ್ಗ 2 (ಸೀರಿಯಲ್ ಪೋರ್ಟ್) ಎಂದಿರುವ ಯಾವ ಕಾರ್ಡನ್ನಾದರೂ ಒಪ್ಪಿಕೊಳ್ಳುವ ಒಂದು ಸಾಲಿದೆ. ನಮ್ಮ ಕಾರ್ಡಿನ ಸಿಐಎಸ್‌ನಲ್ಲಿ ಆ ವರ್ಗವನ್ನೇ ಬರೆದಿರಲಿಲ್ಲ. ಎಂದರೆ, ಕಾರ್ಡನ್ನು ನಡೆಸುವ ಕೋಡು ಕರ್ನಲ್ಲಿನಲ್ಲಿ ಆಗಲೇ ಇತ್ತು. ಇಲ್ಲದಿದ್ದದ್ದು ಗುರುತು ಮಾತ್ರ.

ಯಾವ ಗುರುತನ್ನು ಸೇರಿಸಬೇಕು ಎಂಬಲ್ಲಿಯೇ ಎಚ್ಚರ ಬೇಕು. ತಯಾರಕರ ಮತ್ತು ಕಾರ್ಡಿನ ಸಂಖ್ಯೆಗಳನ್ನು ಸೇರಿಸುವುದು ಸುಲಭ, ಆದರೆ ಒಂದೇ ಸಂಖ್ಯೆಯನ್ನು ಬೇರೆ ಬೇರೆ ಕಾರ್ಡುಗಳು ಹೊತ್ತಿರುವುದುಂಟು. ಅದೇ ಡ್ರೈವರಿನ ಪಟ್ಟಿಯಲ್ಲಿ ಇಂಥ ಸಾಲುಗಳನ್ನು ತೀರಾ ಸಾಮಾನ್ಯವೆಂದು ಟಿಪ್ಪಣಿ ಬರೆದು ತಡೆದಿಟ್ಟಿದ್ದಾರೆ. ಆದ್ದರಿಂದ ಉತ್ಪನ್ನದ ಹೆಸರಿನ ಮೊದಲ ಎರಡು ಭಾಗಗಳನ್ನು ಆರಿಸಿಕೊಂಡೆ. ಕರ್ನಲ್ ಇವನ್ನು ಸಿಆರ್‌ಸಿ 32 ಹ್ಯಾಶ್ ಆಗಿ, ಅಂದರೆ ಅಕ್ಷರಗಳಿಂದ ಲೆಕ್ಕ ಹಾಕಿದ ಒಂದು ಸಂಖ್ಯೆಯಾಗಿ, ಹೋಲಿಸುವುದರಿಂದ ಹೆಸರಿನ ತುದಿಯಲ್ಲಿರುವ ಒಂದು ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ. ಹ್ಯಾಶ್ ಅನ್ನು ನಾವಾಗಿ ಲೆಕ್ಕ ಹಾಕಬೇಕಾಗಿಲ್ಲ. ಸಾಧನಗಳ ವಿವರವನ್ನು ಕರ್ನಲ್ ಕಡತಗಳಂತೆ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಕಾರ್ಡಿನ ಮೋಡ್‌ಅಲಿಯಾಸ್ ಕಡತವನ್ನು ತೆರೆದರೆ ಪಿಎ, ಪಿಬಿ ಎಂಬ ಅಕ್ಷರಗಳ ಮುಂದೆ ಅದು ಸಿದ್ಧವಾಗಿ ಇರುತ್ತದೆ.

ಕರ್ನಲ್ ಕಂಪೈಲ್ ಮಾಡುವ ಮೊದಲು ಡ್ರೈವರಿನ ಮಾಡ್ಯೂಲನ್ನು (ಬೇಕಾದಾಗ ಕರ್ನಲ್ಲಿಗೆ ಸೇರಿಸುವ ತುಂಡನ್ನು) ಕೈಯಿಂದ ಲೋಡ್ ಮಾಡಿ, ಹೊಸ ಗುರುತನ್ನು ಸ್ವೀಕರಿಸುವ ಅದರ ನ್ಯೂ_ಐಡಿ ಕಡತಕ್ಕೆ ಗುರುತನ್ನು ಬರೆದು ನೋಡಿದೆ. ಅಲ್ಲಿನ ಮೊದಲ ಅಂಕಿ ಯಾವುದನ್ನು ಹೋಲಿಸಬೇಕೆಂದು ಹೇಳುತ್ತದೆ. ಹೆಸರಿನ ಮೊದಲ ಎರಡು ಭಾಗಗಳಿಗೆ ಅದು ಹೆಕ್ಸಾಡೆಸಿಮಲ್ 30. ಬರೆದ ಕೂಡಲೇ ಪೋರ್ಟ್ ಹುಟ್ಟಿತು, ತಕ್ಕಡಿಯ ಅಂಕಿಗಳೂ ಬಂದವು. ಇಷ್ಟಕ್ಕೇ ನಿಲ್ಲಿಸಬಹುದಾದರೂ ನ್ಯೂ_ಐಡಿಯಲ್ಲಿ ಬರೆದದ್ದು ರೀಬೂಟ್ ಆದರೆ ಅಳಿಯುತ್ತದೆ, ಗುರುತು ಮಾಡ್ಯೂಲಿನೊಳಗೆ ಇಲ್ಲದಿರುವುದರಿಂದ ಕಾರ್ಡು ಹಾಕಿದಾಗ ಮಾಡ್ಯೂಲು ತಾನಾಗಿ ಲೋಡ್ ಆಗುವುದೂ ಇಲ್ಲ. ಹಾಗಾಗಿ ಡ್ರೈವರಿನ ಪಟ್ಟಿಯಲ್ಲಿಯೇ ಒಂದು ಸಾಲು ಸೇರಿಸಿ ಆ ಮಾಡ್ಯೂಲನ್ನಷ್ಟೇ ಮತ್ತೆ ಕಟ್ಟಿದೆ.

ಪೋರ್ಟ್ ಬಂತೆಂದು ಅಂಗಡಿಗೆ ಮರಳಿಸಲಿಲ್ಲ. ತೂಕ ಓದುತ್ತಿರುವಾಗಲೇ ಕಾರ್ಡನ್ನು ಹೊರಗೆಳೆದು, ಮತ್ತೆ ಹಾಕಿ, ಲ್ಯಾಪ್‌ಟಾಪನ್ನು ಸಸ್ಪೆಂಡ್ ಮಾಡಿ ಎಬ್ಬಿಸಿ ಲಾಗನ್ನು ಗಮನಿಸಿದೆ; ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗಿ ಬರುವ ರೀತಿಗೆ ಇಷ್ಟು ಪರೀಕ್ಷೆ ಅತಿಯೆನಿಸದು. ಲಿನಕ್ಸ್ 6.4ರಲ್ಲಿ, ಅಂದರೆ 2023ರಲ್ಲಿ, ಕರ್ನಲ್ಲಿನ ಕ್ಯಾರೆಕ್ಟರ್ ಎಂಬ ವಿಭಾಗದಲ್ಲಿದ್ದ ಪಿಸಿಎಂಸಿಐಎ ಡ್ರೈವರುಗಳನ್ನು ತೆಗೆದುಹಾಕಲಾಗಿದೆ. ಸೀರಿಯಲ್_ಸಿಎಸ್ ಆ ಗುಂಪಿನದಲ್ಲ. ಆದರೂ ಆ ಲ್ಯಾಪ್‌ಟಾಪಿನ ಕರ್ನಲ್ಲನ್ನು ಬದಲಿಸುವ ಮುನ್ನ ಸೀರಿಯಲ್_ಸಿಎಸ್ ಹೊಸ ಆವೃತ್ತಿಯಲ್ಲಿ ಉಳಿದಿದೆಯೇ ಎಂದು ನೋಡಿಯೇ ಮುಂದುವರಿಯುತ್ತೇನೆ.